‘ಇಂಡಿಯನ್’ ಬೋರ್ಡಿನ ಹಿಂದೆ ಯಾರ ಅಡುಗೆಮನೆ?

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಬ್ರೈಟನ್ ಎಂಬ ಊರಿದೆ. ಅದರ ಪಡುವಣ ಮಗ್ಗುಲಿಗೆ ಅಂಟಿಕೊಂಡ ಬಡಾವಣೆಯಂಥ ಇನ್ನೊಂದು ಊರು ಹೋವ್. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಹೊಸಬರಿಗೆ ತಿಳಿಯುವುದಿಲ್ಲ. 1997ರಲ್ಲಿ ಎರಡಕ್ಕೂ ಒಂದೇ ಸ್ಥಳೀಯ ಆಡಳಿತ ಬಂತು. 2000ದಲ್ಲಿ ಜೋಡಿಗೆ ನಗರದ ಪಟ್ಟ ಸಿಕ್ಕಿತು. ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ನಮ್ಮ ದೇಶದ ಎಷ್ಟೋ ಮಕ್ಕಳು ಅಲ್ಲಿ ಓದುತ್ತಿದ್ದಾರೆ, ಆಸ್ಪತ್ರೆಗಳಲ್ಲಿ, ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಮಗಳ ಬಾಣಂತನಕ್ಕೆಂದೋ ಮಗನ ಸಂಸಾರ ನೋಡಲೆಂದೋ ಆರು ತಿಂಗಳ ವೀಸಾ ಮಾಡಿಸಿಕೊಂಡು ಹೋಗುವ ತಂದೆತಾಯಿಯರೂ ಕಡಿಮೆಯಿಲ್ಲ. ಮೊದಲ ಎರಡು ವಾರ ಕಡಲು, ಗಾಳಿ, ಮರಳಿನ ಬದಲು ನುಣುಪುಗಲ್ಲು ಹಾಸಿದ ದಂಡೆ, ಎಲ್ಲವೂ ಚೆನ್ನ. ಮೂರನೆಯ ವಾರ ನಾಲಿಗೆ ಊರನ್ನು ನೆನೆಯತೊಡಗುತ್ತದೆ.

ಭಾರತೀಯ ಹೋಟೆಲು ಸಿಗುವುದೇನೂ ಕಷ್ಟವಲ್ಲ. ಬ್ರೈಟನ್ನಿನ ಪ್ರೆಸ್ಟನ್ ಸ್ಟ್ರೀಟಿನ ಉದ್ದಕ್ಕೂ ತಿನ್ನುವ ಅಂಗಡಿಗಳೇ. ವೆಸ್ಟರ್ನ್ ರೋಡ್ ಹಿಡಿದು ಹೋವ್ ಕಡೆಗೆ ನಡೆದು ಚರ್ಚ್ ರೋಡ್ ಸೇರಿದರೆ ‘ಇಂಡಿಯನ್’ ಎಂಬ ಅಕ್ಷರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕಷ್ಟ ಇರುವುದು ಒಳಗೆ ಹೋಗಿ ಕೂತ ಮೇಲೆ. ಮೆನುವಿನಲ್ಲಿ ‘ಮದ್ರಾಸ್’ ಎಂದು ಓದಿ, ಸಾಂಬಾರಿನ ಕಡೆಯದೇನೋ ಬಂದೀತೆಂದು ಕಾದರೆ, ಬರುವುದು ಕೆಂಪು ಗ್ರೇವಿಯಲ್ಲಿ ಮುಳುಗಿದ ಖಾರದ ಕೋಳಿ. ಕರಿಬೇವಿಲ್ಲ, ಹುಣಿಸೆಯಿಲ್ಲ, ಇಂಗಿಲ್ಲ. ‘ಇದು ಯಾವ ಇಂಡಿಯಾ?’ ಎಂದು ಹಿರಿಯರು ಕೇಳುತ್ತಾರೆ.

ಪ್ರಶ್ನೆ ಸರಿಯಾದದ್ದೇ. ಇದಕ್ಕೆ ಮೋಸ, ಕಲಬೆರಕೆ ಎಂದು ಹೆಸರಿಟ್ಟು ಎದ್ದು ಬರುವ ಮುನ್ನ ಆ ಗ್ರೇವಿ ಅಲ್ಲಿಗೆ ಬಂದು ಸೇರಿದ ದಾರಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಒಳ್ಳೆಯ ಹೋಟೆಲನ್ನು ಪತ್ತೆ ಮಾಡಲು ಆ ದಾರಿಯೇ ಗುರುತು ಹೇಳಿಕೊಡುತ್ತದೆ. ಬ್ರೈಟನ್ನಿನಲ್ಲಿ ಈ ಕತೆ ಇನ್ನೂರು ವರ್ಷಕ್ಕೂ ಹಿಂದಿನಿಂದ ಶುರುವಾಗುತ್ತದೆ ಎಂಬುದೊಂದು ವಿಶೇಷ.

ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮದ್ ಎಂಬಾತ ಹುಡುಗನಾಗಿದ್ದಾಗಲೇ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಬೆನ್ನುಹತ್ತಿದ. ಬೇಕರ್ ಎಂಬ ಐರಿಷ್ ಅಧಿಕಾರಿಯ ಆಶ್ರಯದಲ್ಲಿ ಬೆಳೆದು, 1784ರಲ್ಲಿ ಅವನೊಂದಿಗೆ ಐರ್ಲೆಂಡಿನ ಕಾರ್ಕ್ ಊರಿಗೆ ಹೋದ. ಅಲ್ಲಿಯ ಹುಡುಗಿಯನ್ನು ಮದುವೆಯಾದ. 1794ರಲ್ಲಿ ತನ್ನ ಪ್ರವಾಸದ ಕಥನವನ್ನು ಅಚ್ಚು ಹಾಕಿಸಿದ. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದೆಂದು ಇತಿಹಾಸಕಾರರು ಹೇಳುತ್ತಾರೆ. ಆಮೇಲೆ ಲಂಡನ್ನಿಗೆ ಬಂದು, 1810ರಲ್ಲಿ ಪೋರ್ಟ್‌ಮನ್ ಸ್ಕ್ವೇರ್ ಹತ್ತಿರದ ಜಾರ್ಜ್ ಸ್ಟ್ರೀಟಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದ. ಹೆಸರಿಗೆ ಕಾಫಿ, ಇದ್ದದ್ದು ಬೆತ್ತ-ಬಿದಿರಿನ ಕುರ್ಚಿ, ಗೋಡೆಯ ಮೇಲೆ ಭಾರತದ ಚಿತ್ರ, ಹುಕ್ಕಾ ಸೇದಲು ಬೇರೆ ಕೋಣೆ, ಊಟಕ್ಕೆ ಹಿಂದೂಸ್ತಾನಿ ಅಡುಗೆ. ಬ್ರಿಟನ್ನಿನಲ್ಲಿ ಭಾರತೀಯನೇ ನಡೆಸಿದ ಮೊದಲ ಊಟದ ಹೋಟೆಲು ಅದು. ಹಾಗೆಂದು ಇಂಗ್ಲಿಷರು ಕರಿಯ ಹೆಸರು ಕೇಳಿದ್ದು ಅವನಿಂದಲೇ ಅಲ್ಲ. ಹಾನಾ ಗ್ಲಾಸ್ ಎಂಬಾಕೆ 1747ರ ತನ್ನ ಅಡುಗೆ ಪುಸ್ತಕದಲ್ಲೇ ಕರಿ ಮಾಡುವ ಬಗೆಯನ್ನು ಬರೆದಿದ್ದಳು.

ಹೋಟೆಲು ನಿಲ್ಲಲಿಲ್ಲ. ಭಾರತದಲ್ಲಿ ದುಡ್ಡು ಮಾಡಿಕೊಂಡು ಹಿಂದಿರುಗಿದ ಸಾಹೇಬರೇ ಅವನ ಗಿರಾಕಿಗಳಾಗಬೇಕಿತ್ತು. ಅವರಲ್ಲಿ ಎಷ್ಟೋ ಮಂದಿಗೆ ಮನೆಯಲ್ಲೇ ಭಾರತದ ಅಡುಗೆಯವರಿದ್ದರು. 1812ರಲ್ಲಿ ದೀನ್ ಮಹಮದ್ ದಿವಾಳಿಯಾದ. ಮರುವರ್ಷ ಮನೆವಾರ್ತೆಯ ಕೆಲಸ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಡುವ ಸ್ಥಿತಿಗೆ ಬಂದ. ಆಗ ವಯಸ್ಸು ಐವತ್ತು ದಾಟಿತ್ತು.

ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವನು 1814ರಲ್ಲಿ ಹೆಂಡತಿಯೊಂದಿಗೆ ಬ್ರೈಟನ್ನಿಗೆ ಬಂದು, ಕಡಲಿಗೆ ಮೀಯಲು ಬರುವ ಶ್ರೀಮಂತರಿಗೆ ಹಬೆಸ್ನಾನ ಮಾಡಿಸಿ ಮೈತಿಕ್ಕುವ ಉದ್ಯೋಗಕ್ಕೆ ಕೈಹಾಕಿದ. ನಮ್ಮ ‘ಚಂಪಿ’ಯೇ ಇಂಗ್ಲಿಷರ ಬಾಯಲ್ಲಿ ‘ಶಾಂಪೂ’ ಆದದ್ದು. ಆ ಪದ ಆಗ ಸೂಚಿಸುತ್ತಿದ್ದುದು ತಲೆಗೆ ಹಚ್ಚುವ ನೊರೆಯನ್ನಲ್ಲ, ಅಂಗಮರ್ದನವನ್ನು. ಊಟಕ್ಕೆ ಒಲಿಯದ ಜನ ಉಜ್ಜಿಸಿಕೊಳ್ಳಲು ಸಾಲುಗಟ್ಟಿ ನಿಂತರು. ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ ಇಬ್ಬರು ದೊರೆಗಳಿಗೂ ಆತ ಶಾಂಪೂ ವೈದ್ಯನಾದ. 1851ರಲ್ಲಿ ಬ್ರೈಟನ್ನಿನಲ್ಲೇ ತೀರಿಕೊಂಡ. ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿ ಸಮಾಧಿಯಿದೆ. ಅವನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮದ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯನಾಗಿ ರಕ್ತದೊತ್ತಡದ ಬಗ್ಗೆ ಮೊದಮೊದಲ ಮಹತ್ವದ ಅಧ್ಯಯನಗಳನ್ನು ನಡೆಸಿದವರಲ್ಲಿ ಒಬ್ಬ. ಇದು ಊಟದ ವಿಷಯವಲ್ಲ ನಿಜ, ಆದರೆ ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದಾಗಲಾದರೂ ನೆನೆಯಬಹುದಾದ ಹೆಸರು.

ಇದೇ ಊರಿನ ಎರಡನೆಯ ಕತೆ ದೊಡ್ಡದು. ಬ್ರೈಟನ್ನಿನ ನಡುವೆ ರಾಯಲ್ ಪೆವಿಲಿಯನ್ ಎಂಬ ಅರಮನೆಯಿದೆ. ಮುಂದೆ ನಾಲ್ಕನೇ ಜಾರ್ಜ್ ಆದ ಯುವರಾಜನ ಶೋಕಿಗಾಗಿ ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ 1815ರಿಂದ ಅದನ್ನು ಮರುರೂಪಿಸಿದ. ಹೊರಗಿನಿಂದ ಗುಮ್ಮಟ-ಮಿನಾರುಗಳ ಹಿಂದೂಸ್ತಾನ, ಒಳಗೆ ಡ್ರ್ಯಾಗನ್‌ಗಳ ಚೀನಾ! ಈ ಹುಸಿ ಹಿಂದೂಸ್ತಾನಕ್ಕೆ 1914ರ ಡಿಸೆಂಬರಿನಲ್ಲಿ ನಿಜವಾದ ಭಾರತೀಯರು ಬಂದರು. ಅವರು ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಸಿಪಾಯಿಗಳು. ಪೆವಿಲಿಯನ್ನು, ಪಕ್ಕದ ಡೋಮ್ ಮತ್ತು ಕಾರ್ನ್ ಎಕ್ಸ್‌ಚೇಂಜ್ ಕಟ್ಟಡಗಳು ಸೇರಿ ಆಸ್ಪತ್ರೆಯಾದವು. ಸಿಖ್ಖರು, ಗೂರ್ಖರು, ಗಢವಾಲಿಗಳು, ಡೋಗ್ರರು, ಪಠಾಣರು, ಪಂಜಾಬಿ ಮುಸಲ್ಮಾನರು ದೀಪಗೊಂಚಲುಗಳ ಕೆಳಗೆ ಸಾಲು ಮಂಚಗಳಲ್ಲಿ ಮಲಗಿದರು.

ಇಷ್ಟು ಬಗೆಯ ಜನಕ್ಕೆ ಊಟ ಹೇಗೆ? ಒಂದೇ ಅಡುಗೆ ಮಾಡಿ ಬಡಿಸಿದರೆ ನಡೆಯದು ಎಂಬುದು ಸರಕಾರಕ್ಕೆ ಗೊತ್ತಿತ್ತು. 1857ರ ನೆನಪು ಇನ್ನೂ ಹಸಿಯಾಗಿತ್ತು. ಧರ್ಮ-ಜಾತಿ ಕೆಟ್ಟಿತೆಂಬ ಸುದ್ದಿ ಊರಿಗೆ ಹೋದರೆ ಮುಂದೆ ಸೈನ್ಯಕ್ಕೆ ಜನ ಸೇರುತ್ತಿರಲಿಲ್ಲ. ಹಾಗಾಗಿ ಆವರಣದಲ್ಲಿ ಒಂಬತ್ತು ಅಡುಗೆಮನೆಗಳನ್ನು ಹೂಡಿದರು. ಹಿಂದೂಗಳಿಗೂ ಮುಸಲ್ಮಾನರಿಗೂ ಕುಡಿಯುವ ನೀರಿನ ನಲ್ಲಿ ಬೇರೆ ಬೇರೆ. ಮಾಂಸಕ್ಕೆ ಪ್ರಾಣಿಯನ್ನು ಕೊಯ್ಯುವ ಕ್ರಮವೂ ಅವರವರ ಪದ್ಧತಿಯಂತೆ. ಸೂಚನಾ ಫಲಕಗಳು ಉರ್ದು, ಹಿಂದಿ, ಗುರುಮುಖಿಗಳಲ್ಲಿ. ಇದೆಲ್ಲ ಬರೀ ಅಕ್ಕರೆಯಿಂದ ಮಾಡಿದ್ದಲ್ಲ. ಈ ಏರ್ಪಾಟಿನ ಚಿತ್ರ ತೆಗೆದು ಪೋಸ್ಟ್‌ಕಾರ್ಡ್ ಹಂಚಿದರು; ಗುಣವಾದ ಸಿಪಾಯಿಗಳನ್ನು ಊರಿನೊಳಗೆ ಮನಸ್ಸು ಬಂದಂತೆ ಓಡಾಡಲು ಬಿಡುತ್ತಿರಲಿಲ್ಲ. ಸತ್ತವರಲ್ಲಿ ಹಿಂದೂ ಮತ್ತು ಸಿಖ್ ಯೋಧರು 53 ಮಂದಿಯನ್ನು ಊರಾಚೆಯ ಗುಡ್ಡದ ಮೇಲೆ ದಹನ ಮಾಡಿದರು. ಅಲ್ಲಿ 1921ರಲ್ಲಿ ಅಮೃತಶಿಲೆಯ ‘ಛತ್ರಿ’ ಎದ್ದಿತು. ಇಂದಿಗೂ ಇದೆ.

ಉದ್ದೇಶ ಏನೇ ಇರಲಿ, ‘ಇಂಡಿಯನ್ ಊಟ’ ಎಂಬುದು ಕಡಿಮೆಯೆಂದರೂ ಒಂಬತ್ತು ಒಲೆಗಳ ವಿಷಯ ಎಂದು ಬ್ರೈಟನ್ ಆಗ ಕಂಡುಕೊಂಡಿತ್ತು. ಅದೂ ಹೆಚ್ಚಾಗಿ ಉತ್ತರ ಭಾರತದ ಸಿಪಾಯಿಗಳಿಗಾಗಿಯೇ. ದಕ್ಷಿಣದವರೂ ಬಂದಿದ್ದರೆ ಹತ್ತನೆಯ, ಹನ್ನೊಂದನೆಯ ಒಲೆ ಬೇಕಾಗುತ್ತಿತ್ತೇನೋ.

ಹಾಗಿದ್ದ ಮೇಲೆ ಒಂಬತ್ತು ಒಲೆಗಳು ಒಂದೇ ಗ್ರೇವಿಯ ಪಾತ್ರೆಯಾದದ್ದು ಹೇಗೆ? ಅದಕ್ಕೆ ಉತ್ತರ ಇರುವುದು ಹಡಗುಗಳ ಹೊಟ್ಟೆಯಲ್ಲಿ. ಕಲ್ಕತ್ತೆಯಿಂದ ಹೊರಡುವ ಬ್ರಿಟಿಷ್ ಹಡಗುಗಳ ಎಂಜಿನ್ ಕೋಣೆಗಳಲ್ಲಿ ಕಲ್ಲಿದ್ದಲು ತುಂಬುವ, ಅಡುಗೆಕೋಣೆಗಳಲ್ಲಿ ದುಡಿಯುವ ಖಲಾಸಿಗಳಲ್ಲಿ ಸಿಲ್ಹೆಟ್ ಜಿಲ್ಲೆಯ ಬಂಗಾಳಿ ಮುಸಲ್ಮಾನರು ಬಹಳ. ಲಂಡನ್ ಬಂದರಿನಲ್ಲಿ ಹಡಗು ಬಿಟ್ಟು ಇಳಿದು ಉಳಿದವರು ಹೋಟೆಲುಗಳಲ್ಲಿ ಪಾತ್ರೆ ತೊಳೆಯುವುದರಿಂದ ಶುರುಮಾಡಿದರು. 1926ರಲ್ಲಿ ರೀಜೆಂಟ್ ಸ್ಟ್ರೀಟಿನಲ್ಲಿ ಎಡ್ವರ್ಡ್ ಪಾಮರ್ ತೆರೆದ ‘ವೀರಸ್ವಾಮಿ’ಯಂಥ ಹೋಟೆಲು ಸಿರಿವಂತರಿಗೆ. ಖಲಾಸಿಗಳ ದಾರಿಯೇ ಬೇರೆ. ಎರಡನೇ ಮಹಾಯುದ್ಧದ ನಂತರ ಅವರು ಬಾಂಬಿಗೆ ಸಿಕ್ಕಿ ಪಾಳುಬಿದ್ದ ಕೆಫೆಗಳನ್ನು, ಮೀನು-ಚಿಪ್ಸ್ ಅಂಗಡಿಗಳನ್ನು ಅಗ್ಗಕ್ಕೆ ಹಿಡಿದರು. ಮೀನು-ಚಿಪ್ಸ್ ಮಾರುತ್ತಲೇ ಪಕ್ಕದಲ್ಲಿ ಅನ್ನ, ಕರಿ ಇಟ್ಟರು. ರಾತ್ರಿ ಹನ್ನೊಂದಕ್ಕೆ ಪಬ್ಬುಗಳು ಬಾಗಿಲು ಹಾಕಿದ ಮೇಲೂ ತೆರೆದಿರುತ್ತಿದ್ದುದು ಇವರ ಅಂಗಡಿ. ಕುಡಿದು ಹಸಿದು ಬಂದವರಿಗೆ ಖಾರ ಹಿಡಿಸಿತು.

ಇಲ್ಲೊಂದು ಸೂಕ್ಷ್ಮವಿದೆ. ಸಿಲ್ಹೆಟ್ 1947ರವರೆಗೆ ಅಸ್ಸಾಮಿನ ಜಿಲ್ಲೆ, ಜನಮತ ತೆಗೆದುಕೊಂಡು ಅದರ ಬಹುಭಾಗ ಪೂರ್ವ ಪಾಕಿಸ್ತಾನಕ್ಕೆ ಸೇರಿತು, 1971ರಲ್ಲಿ ಬಾಂಗ್ಲಾದೇಶವಾಯಿತು. ಒಬ್ಬನೇ ಅಡುಗೆಯವನ ಊರು ಒಂದು ಜೀವಮಾನದಲ್ಲಿ ಮೂರು ರಾಷ್ಟ್ರ ಕಂಡಿತು. ಬೋರ್ಡು ಮಾತ್ರ ‘ಇಂಡಿಯನ್’ ಆಗಿಯೇ ಉಳಿಯಿತು. ಗಿರಾಕಿಗೆ ಗೊತ್ತಿದ್ದ ಹೆಸರು ಅದೊಂದೇ. ಬ್ರಿಟನ್ನಿನ ‘ಇಂಡಿಯನ್’ ಹೋಟೆಲುಗಳಲ್ಲಿ ಬಹುಪಾಲು ಬಾಂಗ್ಲಾ ಮೂಲದವರದೇ ಎಂಬ ಮಾತು ಎಷ್ಟೋ ದಶಕಗಳಿಂದ ನಿಜ. ನಮ್ಮಲ್ಲಿ ‘ಉಡುಪಿ’ ಎಂದು ಬೋರ್ಡು ಹಾಕಿದವರೆಲ್ಲ ಉಡುಪಿಯವರೇ ಏನು?

ಸಣ್ಣ ಅಡುಗೆಮನೆ, ಇಬ್ಬರು ಮೂವರು ಕೈಯಾಳುಗಳು, ಮೆನುವಿನಲ್ಲಿ ಅರವತ್ತು ಎಪ್ಪತ್ತು ಹೆಸರು. ಇದನ್ನು ನಿಭಾಯಿಸಲು ಅವರು ಕಂಡುಕೊಂಡ ಉಪಾಯವೇ ಒಂದು ಪಾತ್ರೆಯ ಗ್ರೇವಿ. ಬೆಳಿಗ್ಗೆ ರಾಶಿ ಈರುಳ್ಳಿಯನ್ನು ಶುಂಠಿ, ಬೆಳ್ಳುಳ್ಳಿ, ಸ್ವಲ್ಪ ಟೊಮೆಟೊ, ಅರಿಶಿನದೊಂದಿಗೆ ಗಂಟೆಗಟ್ಟಲೆ ಬೇಯಿಸಿ ನುಣ್ಣಗೆ ಅರೆದಿಡುತ್ತಾರೆ. ಮಾಂಸ, ತರಕಾರಿ ಬೇರೆಯಾಗಿ ಅರೆಬೆಂದು ಕೂತಿರುತ್ತವೆ. ಸಂಜೆ ಆರ್ಡರು ಬಂದಾಗ ಬಾಣಲೆಗೆ ಎಣ್ಣೆ, ಮಸಾಲೆಪುಡಿ, ಎರಡು ಸೌಟು ಗ್ರೇವಿ; ಐದಾರು ನಿಮಿಷದಲ್ಲಿ ತಟ್ಟೆ ತಯಾರು. ಕೆನೆ, ತೆಂಗಿನಪುಡಿ, ಸಕ್ಕರೆ ಬಿದ್ದರೆ ‘ಕೊರ್ಮಾ’. ಮೆಣಸಿನಪುಡಿ ಹೆಚ್ಚಾದರೆ ‘ಮದ್ರಾಸ್’. ಇನ್ನೂ ಹೆಚ್ಚಾದರೆ ‘ವಿಂಡಾಲೂ’. ಕಣ್ಣಲ್ಲಿ ನೀರು ಬರಿಸುವಷ್ಟಾದರೆ ‘ಫಾಲ್’. ಇದಂತೂ ಇಂಗ್ಲೆಂಡಿನಲ್ಲೇ ಹುಟ್ಟಿದ್ದು. ಅಂದರೆ ಈ ಮೆನುವಿನಲ್ಲಿ ಊರಿನ ಹೆಸರು ಊರನ್ನು ಹೇಳುವುದಿಲ್ಲ, ಖಾರದ ಅಳತೆಯನ್ನು ಹೇಳುತ್ತದೆ. ನಗುವ ಮುನ್ನ ನಮ್ಮ ಗೋಬಿ ಮಂಚೂರಿಯನ್ನು ನೆನೆಯಿರಿ. ಮಂಚೂರಿಯಾದವರು ಅದನ್ನು ಕಂಡಿಲ್ಲ.

‘ವಿಂಡಾಲೂ’ ಮಾತ್ರ ನಮ್ಮ ಕರಾವಳಿಯವರಿಗೆ ನೆಂಟ. ಮಾಂಸವನ್ನು ದ್ರಾಕ್ಷಾರಸ, ಬೆಳ್ಳುಳ್ಳಿಗಳಲ್ಲಿ ನೆನೆಸಿಡುವ ಪೋರ್ಚುಗೀಸರ ‘ವಿನ್ಯಾ ದಾಲ್ಯುಶ್’ ಗೋವೆಯಲ್ಲಿ ವಿನಿಗರ್, ಮೆಣಸಿನಕಾಯಿ ಸೇರಿ ಹೊಸ ರೂಪ ಪಡೆಯಿತು. ಗೋವೆಯಿಂದ ವಲಸೆ ಬಂದ ಮಂಗಳೂರಿನ ಕ್ರೈಸ್ತರ ಮನೆಗಳ ಅಡುಗೆಯಲ್ಲಿ ಇದರ ದಾಯಾದಿಗಳು ಇಂದಿಗೂ ಉಂಟು. ಇಂಗ್ಲೆಂಡಿಗೆ ಹೋದಾಗ ಹುಳಿ ಕಡಿಮೆಯಾಯಿತು, ಖಾರ ಏರಿತು. ಹೆಸರಿನ ಕೊನೆಯ ‘ಆಲೂ’ವನ್ನು ನಂಬಿ ಕೆಲವರು ಆಲೂಗೆಡ್ಡೆಯನ್ನೂ ಹಾಕಿದರು. ಪಾಪ, ಅಲ್ಲಿರುವುದು ಬೆಳ್ಳುಳ್ಳಿ!

ಈ ಅಡುಗೆಯನ್ನು ಕೀಳೆಂದು ಹೇಳಲು ನನಗೆ ಮನಸ್ಸಿಲ್ಲ. ಪರದೇಶದಲ್ಲಿ, ಪರರ ನಾಲಿಗೆಗಾಗಿ, ಅಡುಗೆ ಕಲಿತಿರದ ಗಂಡಸರು ಬದುಕಿಗಾಗಿ ಕಟ್ಟಿದ ಪಾಕ ಅದು. ಚೆನ್ನಾಗಿ ಮಾಡಿದ ಕಡೆ ಚೆನ್ನಾಗಿಯೇ ಇರುತ್ತದೆ. 2001ರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲೆಯನ್ನು ತಮ್ಮ ದೇಶದ ರಾಷ್ಟ್ರೀಯ ತಿನಿಸೆಂದೇ ಸಾರಿದರು. ಆದ್ದರಿಂದ ಅದನ್ನು ಬ್ರಿಟಿಷ್ ಅಡುಗೆಯೆಂದು ತಿಳಿದು ತಿಂದರೆ ಬೇಸರವಿಲ್ಲ. ನಮ್ಮ ಮನೆಯದೆಂದು ಹುಡುಕಿಕೊಂಡು ಹೋದರೆ ಬೇಸರ ತಪ್ಪದು.

ಬೇರೆ ಒಲೆಗಳೂ ಆಮೇಲೆ ಬಂದವು. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು ತೊಂಬತ್ತು ದಿನಗಳ ಗಡುವು ಕೊಟ್ಟು ಅಟ್ಟಿದಾಗ ಬ್ರಿಟನ್ನಿಗೆ ಬಂದ ಇಪ್ಪತ್ತೇಳು ಸಾವಿರದಷ್ಟು ಜನರಲ್ಲಿ ಗುಜರಾತಿಗಳು ಬಹಳ. ಅವರೊಂದಿಗೆ ಸಸ್ಯಾಹಾರದ ಫರಸಾಣ, ಥಾಲಿ ಬಂದವು. ಶ್ರೀಲಂಕೆಯ ಯುದ್ಧದಿಂದ ತಪ್ಪಿಸಿಕೊಂಡ ತಮಿಳರು ದೋಸೆ ತಂದರು. ಅಲ್ಲಿಯ ಸರಕಾರಿ ಆಸ್ಪತ್ರೆಗಳಿಗೆ ಕೇರಳದ ನರ್ಸುಗಳು ದೊಡ್ಡ ಸಂಖ್ಯೆಯಲ್ಲಿ ಹೋದ ಮೇಲೆ ಸಣ್ಣಪುಟ್ಟ ಊರುಗಳಲ್ಲೂ ಅಪ್ಪ, ಮೀನಿನ ಕರಿ ಸಿಗತೊಡಗಿತು. ಕರ್ನಾಟಕದ ಅಡುಗೆಯನ್ನೇ ಬೋರ್ಡಿನಲ್ಲಿ ಹೇಳಿಕೊಳ್ಳುವ ಹೋಟೆಲುಗಳು ಇವರೆದುರು ವಿರಳ. ಮಸಾಲೆದೋಸೆ ಮಾತ್ರ ‘ಸೌತ್ ಇಂಡಿಯನ್’ ಎಂಬ ಒಟ್ಟು ಲೆಕ್ಕದಲ್ಲಿ ಹೋಗಿ ಸೇರಿದೆ.

ಈಗ ಹೋವ್‌ನ ಬೀದಿಯಲ್ಲಿ ನಿಂತ ನಮ್ಮ ಹಿರಿಯರ ಪ್ರಶ್ನೆಗೆ ಬರೋಣ. ಬೋರ್ಡು ಬಿಡಿ, ಕಿಟಕಿಗೆ ಅಂಟಿಸಿದ ಮೆನು ಓದಿ. ಕೊರ್ಮಾ, ಮದ್ರಾಸ್, ವಿಂಡಾಲೂ, ದೋಪಿಯಾಜಾ, ಧನ್ಸಾಕ್ ಎಂದು ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ಕೋಳಿ, ಕುರಿ, ಸಿಗಡಿ, ತರಕಾರಿ ಎಂದು ಒಂದೊಂದು ಬೆಲೆ ಹಾಕಿದ್ದರೆ ಅದು ಒಂದೇ ಪಾತ್ರೆಯ ಮನೆ. ಇಪ್ಪತ್ತೈದು ಮೂವತ್ತೇ ಹೆಸರಿದ್ದು, ಅವುಗಳಲ್ಲಿ ಒಂದು ಸೀಮೆಯ ಗುರುತು ಕಂಡರೆ ಒಳಗೆ ಹೋಗಬಹುದು. ಪಂಜಾಬು, ಬಂಗಾಳ, ಕೇರಳ, ಹೈದರಾಬಾದು ನಾಲ್ಕೂ ಒಂದೇ ಹಾಳೆಯಲ್ಲಿದ್ದರೆ ನಾನಂತೂ ಮುಂದಿನ ಬಾಗಿಲಿಗೆ ನಡೆಯುತ್ತೇನೆ. ಇಡ್ಲಿ ವಾರದ ಕೊನೆಗೆ ಮಾತ್ರ ಎಂದು ಬರೆದಿದ್ದರೆ ಬೇಸರಪಡಬೇಡಿ. ಆ ಚಳಿಯಲ್ಲಿ ಹಿಟ್ಟು ಹುದುಗು ಬರಲು ಬೆಚ್ಚಗಿನ ಜಾಗ ಬೇಕು, ಹೊತ್ತು ಬೇಕು; ಹಿಟ್ಟನ್ನು ತಾವೇ ರುಬ್ಬುತ್ತಾರೆಂಬುದಕ್ಕೆ ಅದೇ ಸಾಕ್ಷಿ ಇದ್ದೀತು.

ಬಾಗಿಲಲ್ಲಿ ಹಸಿರು-ಕಪ್ಪು ಬಣ್ಣದ ಚೀಟಿಯೊಂದು ಇರುತ್ತದೆ, ಸ್ವಚ್ಛತೆಗೆ ಸೊನ್ನೆಯಿಂದ ಐದರವರೆಗೆ ಅಂಕ. ವೇಲ್ಸಿನಲ್ಲಿ 2013ರಿಂದ ಅದನ್ನು ಕಾಣುವಂತೆ ಹಾಕುವುದು ಕಡ್ಡಾಯ. ಇಂಗ್ಲೆಂಡಿನಲ್ಲಿ ಇನ್ನೂ ಮಾಲೀಕರ ಇಷ್ಟ. ಚೀಟಿ ಕಾಣದಿದ್ದರೆ ಯಾಕೆಂದು ಊಹಿಸಿಕೊಳ್ಳಬಹುದು. ಒಗ್ಗದ ಆಹಾರದ ಬಗ್ಗೆ ಕೇಳಲು ಸಂಕೋಚ ಬೇಡ. 2014ರ ಡಿಸೆಂಬರಿನಿಂದ ಹದಿನಾಲ್ಕು ಪದಾರ್ಥಗಳ ಬಗ್ಗೆ ಹೋಟೆಲಿನವರು ಗಿರಾಕಿಗೆ ಮಾಹಿತಿ ಕೊಡಲೇಬೇಕೆಂಬ ಕಾನೂನಿದೆ. ನಮ್ಮ ಒಗ್ಗರಣೆಯ ಸಾಸಿವೆಯೂ ಆ ಪಟ್ಟಿಯಲ್ಲಿದೆ! ಆದರೆ ಮಾಂಸ ಪಟ್ಟಿಯಲ್ಲಿಲ್ಲ. ಹಾಗಾಗಿ ಸಸ್ಯಾಹಾರಿಗಳು ತಾವೇ ಬಾಯಿಬಿಟ್ಟು ಕೇಳಬೇಕು: ತರಕಾರಿ ಸಮೋಸ ಕರಿದದ್ದು ಮೀನು ಕರಿದ ಎಣ್ಣೆಯಲ್ಲೇ? ಪಲ್ಯದ ಬಾಣಲೆ ಬೇರೆಯೇ? ಸುಮ್ಮನೆ ‘ವೆಜ್ಜಾ?’ ಎಂದರೆ ಹೌದೆಂಬ ಉತ್ತರ ಎಲ್ಲ ಕಡೆಯೂ ಸಿಗುತ್ತದೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ, ‘ಅಡುಗೆಯವರು ಯಾವ ಊರಿನವರು?’ ಎಂಬುದು. ಸಿಲ್ಹೆಟ್ ಎಂದರೆ, ಮೀನು ತಿನ್ನುವವರಾದರೆ, ಮೆನು ಮಡಚಿಟ್ಟು ನಿಮ್ಮ ಮನೆಯಲ್ಲಿ ಮಾಡುವಂಥದೇನಾದರೂ ಇದೆಯೇ ಎಂದು ಕೇಳಿ ನೋಡಿ. ಗಿರಾಕಿಗೆ ಬಡಿಸುವ ಗ್ರೇವಿಯನ್ನು ಒಳಗಿನವರು ಉಣ್ಣುವುದು ಅಪರೂಪ. ಅವರ ಊಟಕ್ಕೆ ಅನ್ನ, ತೆಳು ಬೇಳೆ, ‘ಸಾತ್ಕರಾ’ ಎಂಬ ಸಿಲ್ಹೆಟ್ಟಿನ ದಪ್ಪಸಿಪ್ಪೆಯ ಹುಳಿಹಣ್ಣು ಹಾಕಿದ ಸಾರು ಬೇರೆಯೇ ಕುದಿಯುತ್ತಿರುತ್ತದೆ. ನಮ್ಮ ಹೇರಳೆಕಾಯಿಯನ್ನು ನೆನಪಿಸುವ ಕಹಿ-ಹುಳಿ ಅದರದು. ಎಲ್ಲರೂ ಕೊಡುತ್ತಾರೆಂದಲ್ಲ. ಕೇಳುವವರೇ ಕಡಿಮೆಯಾದ್ದರಿಂದ ಕೆಲವರು ಮುಖ ಅರಳಿಸಿ ಒಳಗೆ ಹೋಗುತ್ತಾರೆ.

ಕೇಳುವುದಾದರೆ ಬೇಗ ಕೇಳುವುದು ಮೇಲು. ಹೊಸ ಅಡುಗೆಯವರನ್ನು ಊರಿನಿಂದ ಕರೆಸಿಕೊಳ್ಳಲು ವಲಸೆಯ ಕಾನೂನು ಬಿಗಿಯಾಗಿದೆ. ಈರುಳ್ಳಿ ಬೇಯಿಸಿ ಮಕ್ಕಳನ್ನು ಓದಿಸಿದ ತಂದೆಯರ ಮಕ್ಕಳು ಲೆಕ್ಕಿಗರೋ ವಕೀಲರೋ ಆಗಿದ್ದಾರೆ, ಬಾಣಲೆ ಹಿಡಿಯಲು ಬರುವುದಿಲ್ಲ. ಹಳೆಯ ಹೋಟೆಲುಗಳು ಒಂದೊಂದಾಗಿ ಕೈಬದಲಾಗುತ್ತಿವೆ. ಇನ್ನೊಂದು ಸೀಮೆಯವರು ಅಂಗಡಿ ಹಿಡಿದರೆ ಗ್ರೇವಿಯ ಪಾತ್ರೆ ಇದ್ದ ಜಾಗಕ್ಕೆ ಗ್ರೈಂಡರ್ ಬಂದೀತು. ಆಗಲೂ ಕಿಟಕಿಯ ಮೆನುವನ್ನು ಮತ್ತೊಮ್ಮೆ ಓದಬೇಕು. ಬೋರ್ಡು ಹಳೆಯದೇ ಇರುತ್ತದೆ.